ಹಿಂಟನ್ನರ ಮನೆ ಹೊರಟ ಕತೆ

ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ರಾಜಧಾನಿ ರಾಲಿ. ಅಲ್ಲಿಂದ ಪೂರ್ವಕ್ಕೆ ಕೆಲವು ಮೈಲಿ ಹೋದರೆ ನೈಟ್‌ಡೇಲ್ ಎಂಬ ಊರು. ಆ ಸೀಮೆಯಲ್ಲಿ ಹಿಂಟನ್ ಮನೆತನದವರಿಗೆ ಒಂದಲ್ಲ, ಹಲವು ದೊಡ್ಡಮನೆಗಳಿದ್ದವು. ಒಂದರ ಹೆಸರು ‘ದಿ ಓಕ್ಸ್’, ಇನ್ನೊಂದರದು ‘ಬೀವರ್ ಡ್ಯಾಮ್’. 1848ರಲ್ಲಿ ಇವೆರಡರ ನಡುವೆ ಮತ್ತೊಂದು ಮನೆ ಎದ್ದಾಗ ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಡುದಾರಿಯಲ್ಲಿದೆ, ಆದ್ದರಿಂದ ‘ಮಿಡ್‌ವೇ’. ನಮ್ಮ ಊರುಗಳಲ್ಲಿ ಮೇಲಿನಮನೆ, ಕೆಳಗಿನಮನೆ, ಕೆರೆಯಂಚಿನ ಮನೆ ಎಂದು ಹೆಸರು ಬೀಳುವುದಿಲ್ಲವೆ, ಹಾಗೆ. ಹೆಸರೇ ವಿಳಾಸ.

ನೂರೈವತ್ತೇಳು ವರ್ಷಗಳ ನಂತರ, 2005ರಲ್ಲಿ, ಈ ಮನೆಯನ್ನು ಪಾಯದಿಂದ ಮೇಲೆತ್ತಿ, ಗಾಲಿಗಳ ಮೇಲೆ ಕೂರಿಸಿ, ಹೊಲ ಹಾಯಿಸಿ, ಕಲ್ಲುಕ್ವಾರಿ ದಾಟಿಸಿ ಬೇರೊಂದು ಜಾಗಕ್ಕೆ ಒಯ್ದರು. ಗೋಡೆ ಒಡೆಯಲಿಲ್ಲ, ಹಲಗೆ ಬಿಚ್ಚಲಿಲ್ಲ. ಮನೆ ಇಡಿಯಾಗಿ ಹೋಯಿತು. ಓಕ್ಸ್‌ಗೂ ಬೀವರ್ ಡ್ಯಾಮ್‌ಗೂ ನಡುವೆ ಇರುವುದನ್ನು ಬಿಟ್ಟ ಮೇಲೂ ಅದರ ಹೆಸರು ಮಿಡ್‌ವೇ ಆಗಿಯೇ ಉಳಿಯಿತು. ಈ ಲೇಖನ ಆ ಪ್ರಯಾಣದ ಕುರಿತದ್ದು. ಆದರೆ ಮನೆಯ ಜೊತೆ ಗಾಲಿಯ ಮೇಲೆ ಹತ್ತದೆ ಹಿಂದೆ ಉಳಿದದ್ದೂ ಇದೆ, ಹೊರಟಿತೆಂಬ ಸುದ್ದಿ ಕೇಳಿ ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬಂದವರೂ ಇದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಅವರೇ.

ಅಮೆರಿಕದವರು ಇಂಥ ಮನೆಗಳಿಗೆ ‘ಆ್ಯಂಟಿಬೆಲಮ್’ ಎನ್ನುತ್ತಾರೆ. ಲ್ಯಾಟಿನ್ ಮಾತು, ಯುದ್ಧಕ್ಕೆ ಮುಂಚಿನದು ಎಂದರ್ಥ. ಯಾವ ಯುದ್ಧ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. 1861ರಿಂದ 1865ರವರೆಗೆ ಉತ್ತರಕ್ಕೂ ದಕ್ಷಿಣಕ್ಕೂ ನಡೆದ ಅಂತರ್ಯುದ್ಧ ಒಂದೇ ಆ ಪದದ ಒಳಗಿರುವುದು. ಕಾಲವನ್ನು ಯುದ್ಧದಿಂದ ಎಣಿಸುವ ಈ ಪದ, ಯುದ್ಧ ಯಾತಕ್ಕಾಗಿ ನಡೆಯಿತೋ ಆ ಗುಲಾಮಗಿರಿಯ ಸುದ್ದಿಯನ್ನೇ ಎತ್ತುವುದಿಲ್ಲ. ಬೆಳ್ಳನೆಯ ಮನೆ, ಓಕ್ ಮರದ ನೆರಳು, ಜಗಲಿಯ ಮೇಲೆ ತೂಗುಕುರ್ಚಿ ಎಂದು ಕಣ್ಣಮುಂದೆ ಚಿತ್ರ ಕಟ್ಟುವವರಿಗೆ ಅದು ಬಹಳ ಅನುಕೂಲದ ಪದ.

ಹಿಂಟನ್ನರು ಈ ಸೀಮೆಗೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ, ಇಂಗ್ಲೆಂಡಿನ ಅರಸೊತ್ತಿಗೆ ಕೊಟ್ಟ ಭೂಮಿಯ ಹಕ್ಕಿನೊಂದಿಗೆ. ಮಿಡ್‌ವೇ ಕಟ್ಟಿಸಿದವನು ಚಾರ್ಲ್ಸ್ ಲೂಯಿಸ್ ಹಿಂಟನ್. ನಾರ್ತ್ ಕೆರೊಲೈನಾ ರಾಜ್ಯದ ಖಜಾನೆಯ ಮುಖ್ಯಸ್ಥನಾಗಿ ಎರಡು ಸಲ ಅಧಿಕಾರ ನಡೆಸಿದವನು. ಮಗ ಡೇವಿಡ್, ಮೇರಿ ಬಾಡಿ ಕಾರ್ ಎಂಬವಳನ್ನು ಮದುವೆಯಾದಾಗ ಉಡುಗೊರೆಯಾಗಿ ಈ ಮನೆ ಕೊಟ್ಟ. ಎರಡು ಅಂತಸ್ತಿನ ಮರದ ಮನೆ. ಗ್ರೀಕ್ ದೇಗುಲಗಳ ಅನುಕರಣೆ ಅಮೆರಿಕದಲ್ಲಿ ಫ್ಯಾಷನ್ನಾಗಿದ್ದ ಕಾಲ ಅದು. ಮಿಡ್‌ವೇಯೂ ಅದೇ ಶೈಲಿಯದು. ಆದರೆ ಅರಮನೆಯಲ್ಲ. ಸಿನಿಮಾಗಳಲ್ಲಿ ಕಾಣುವ, ಆನೆ ಕಟ್ಟುವಷ್ಟು ದಪ್ಪದ ಕಂಬಸಾಲು ಅದಕ್ಕಿರಲಿಲ್ಲ. ನಮ್ಮ ಹಳೆಯ ಪಟೇಲರ ಮನೆಗಳಂತೆ, ನೋಡಿದೊಡನೆ ಗತ್ತು ತಿಳಿಯುವ, ಆದರೆ ಬಾಯಿಬಿಟ್ಟು ನೋಡುವಂಥದ್ದೇನೂ ಇಲ್ಲದ ಮನೆ.

ಮದುವೆಯ ಉಡುಗೊರೆಯಾಗಿ ಮನೆಯ ಜೊತೆ ಭೂಮಿ ಕೊಟ್ಟರೆ ಸಾಲದು, ಗೇಯುವ ಕೈಗಳೂ ಬೇಕು. ಆ ಕೈಗಳನ್ನೂ ಆಸ್ತಿಯೆಂದೇ ಬರೆದುಕೊಳ್ಳುತ್ತಿದ್ದ ಕಾಲ. 1860ರ ಜನಗಣತಿಯ ಹೊತ್ತಿಗೆ ನಾರ್ತ್ ಕೆರೊಲೈನಾದ 9,92,622 ಜನರಲ್ಲಿ 3,31,059 ಮಂದಿ ಗುಲಾಮರು. ಮೂವರಲ್ಲಿ ಒಬ್ಬರು. ಇಷ್ಟು ಕರಾರುವಾಕ್ಕಾಗಿ ತಲೆ ಎಣಿಸಿದ ಸರ್ಕಾರ ಅವರ ಹೆಸರು ಬರೆದುಕೊಳ್ಳಲಿಲ್ಲ. 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆಂದೇ ಬೇರೆ ಪಟ್ಟಿ. ಎಡಗಡೆ ಯಜಮಾನನ ಹೆಸರು. ಅದರ ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು. ಸಾಲಿನಲ್ಲಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಬಣ್ಣದ ಅಂಕಣದಲ್ಲಿ ಒಂದೇ ಒಂದು ಅಕ್ಷರ: ಕಪ್ಪಾದರೆ ‘ಬಿ’, ಮಿಶ್ರವಾದರೆ ‘ಎಂ’. ಆ ‘ಎಂ’ ಹೇಗೆ ಬಂತು, ಯಾರಿಂದ ಬಂತು ಎಂಬುದಕ್ಕೆ ಅಂಕಣವಿರಲಿಲ್ಲ. ದೊಡ್ಡಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ, ಅಷ್ಟೆ.

ಯುದ್ಧ ಮಿಡ್‌ವೇ ಸೀಮೆಗೆ ತಲುಪಿದ್ದು ಕೊನೆಯ ಗಳಿಗೆಯಲ್ಲಿ. ಜಾರ್ಜಿಯಾವನ್ನು ಸುಡುತ್ತ, ಸೌತ್ ಕೆರೊಲೈನಾವನ್ನು ಇನ್ನಷ್ಟು ಸುಡುತ್ತ ಬಂದ ಜನರಲ್ ಶರ್ಮನ್ನನ ಉತ್ತರದ ಸೈನ್ಯ 1865ರ ಏಪ್ರಿಲ್ 13ರಂದು ರಾಲಿಗೆ ಬಂತು. ಊರು ಕಾದಾಡದೆ ಶರಣಾಯಿತು, ಉಳಿದುಕೊಂಡಿತು. ಏಪ್ರಿಲ್ 26ರಂದು ದಕ್ಷಿಣದ ಜನರಲ್ ಜಾನ್‌ಸ್ಟನ್ ಅದೇ ಸೀಮೆಯ ಡರಮ್ ಬಳಿ, ಬೆನೆಟ್ ಎಂಬ ರೈತನ ಮನೆಯಲ್ಲಿ ಶರಣಾಗತಿಯ ಕಾಗದಕ್ಕೆ ಸಹಿ ಹಾಕಿದ. ಹೀಗೆ ನೋಡಿದರೆ ದಕ್ಷಿಣದ ಸೋಲಿನ ಬಹುದೊಡ್ಡ ಪಾಲು ಮಿಡ್‌ವೇಯಿಂದ ಒಂದು ದಿನದ ಕುದುರೆ ದಾರಿಯಲ್ಲೇ ಮುಗಿಯಿತು.

ಗುಲಾಮರು ಬಿಡುಗಡೆಯಾದರು. ಆದರೆ ಕೈಯಲ್ಲಿ ಒಂದು ಗುಂಟೆ ಭೂಮಿಯಿಲ್ಲ. ಬಹುಪಾಲು ಜನ ನಿನ್ನೆಯ ಯಜಮಾನನ ಹೊಲವನ್ನೇ ಇವತ್ತು ಕೋರಿಗೆ ಮಾಡತೊಡಗಿದರು. ಬೀಜ, ಗೊಬ್ಬರ, ಎತ್ತು ಎಲ್ಲ ಸಾಲ. ಸುಗ್ಗಿಯಲ್ಲಿ ಲೆಕ್ಕ ಮಾಡುವ ಪುಸ್ತಕ ಭೂಮಾಲೀಕನ ಕೈಯಲ್ಲಿ. ಇದರ ರುಚಿ ನಮ್ಮ ಹಳ್ಳಿಗಳಿಗೆ ಹೊಸದಾಗಿ ಹೇಳಬೇಕಿಲ್ಲ. ಅವರಿಗೆ ಸಿಕ್ಕಿದ ಒಂದು ಹೊಸ ವಸ್ತುವೆಂದರೆ ಹೆಸರು. 1870ರ ಗಣತಿಯಲ್ಲಿ ಮೊದಲ ಸಲ ಅವರನ್ನೆಲ್ಲ ಹೆಸರು ಹಿಡಿದು ಬರೆದುಕೊಂಡರು. ಯಜಮಾನರ ಮನೆತನದ ಹೆಸರನ್ನೇ ಹಲವರು ತಮ್ಮದಾಗಿ ಮಾಡಿಕೊಂಡಿದ್ದರು. ಹೀಗಾಗಿ ರಾಲಿ, ನೈಟ್‌ಡೇಲ್‌ಗಳಿರುವ ವೇಕ್ ಕೌಂಟಿಯಲ್ಲಿ ಬಿಳಿಯ ಹಿಂಟನ್ನರಿದ್ದರು, ಕಪ್ಪು ಹಿಂಟನ್ನರೂ ಇದ್ದರು. ಒಂದೇ ಹೆಸರು, ಒಂದೇ ಮಣ್ಣು, ಬೇರೆ ಬೇರೆ ಸ್ಮಶಾನ.

ಮನೆ ಮಾತ್ರ ವಂಶದ ಕೈಬಿಡಲಿಲ್ಲ. ಅದರ ಇಪ್ಪತ್ತನೆಯ ಶತಮಾನವನ್ನು ಆಳಿದವಳು ಡೇವಿಡ್ ಹಿಂಟನ್ನನ ಮಗಳು ಮೇರಿ ಹಿಲಿಯರ್ಡ್ ಹಿಂಟನ್. 1869ರಲ್ಲಿ ಹುಟ್ಟಿ 1961ರಲ್ಲಿ ತೀರಿಕೊಂಡವಳು. ಮನೆಯವರ ಬಾಯಲ್ಲಿ ‘ಮಿಸ್ ಮಿಮಿ’. ಮದುವೆಯಾಗಲಿಲ್ಲ. ಚಿತ್ರ ಬರೆಯುತ್ತಿದ್ದಳು, ಅದರಲ್ಲೂ ಮನೆತನಗಳ ಲಾಂಛನಗಳನ್ನು ಬಣ್ಣದಲ್ಲಿ ಬಿಡಿಸುವುದರಲ್ಲಿ ಎತ್ತಿದ ಕೈ. ರಾಜ್ಯದ ಇತಿಹಾಸಕ್ಕೆ ಮೀಸಲಾದ ‘ನಾರ್ತ್ ಕೆರೊಲೈನಾ ಬುಕ್‌ಲೆಟ್’ ಪತ್ರಿಕೆಯ ಸಂಪಾದಕಿಯಾಗಿದ್ದಳು. ಯಾರ ಮುತ್ತಜ್ಜ ಯಾರು, ಯಾವ ಮನೆತನಕ್ಕೆ ಯಾವ ಹಡಗಿನ ಮೂಲ, ಇದೆಲ್ಲ ಅವಳ ನಾಲಗೆಯ ತುದಿಯಲ್ಲಿತ್ತು.

ಓದಬಲ್ಲ, ಬರೆಯಬಲ್ಲ, ಸಭೆಗಳಲ್ಲಿ ಮಾತಾಡಬಲ್ಲ ಇಂಥ ಹೆಂಗಸು ಹೆಂಗಸರಿಗೆ ಮತದಾನದ ಹಕ್ಕು ಬೇಡವೆಂದು ಹೋರಾಡಿದಳು. 1920ರಲ್ಲಿ ಆ ಹಕ್ಕಿಗೆ ಸಂವಿಧಾನದ ತಿದ್ದುಪಡಿ ಬಂದು ರಾಜ್ಯಗಳ ಮುಂದೆ ನಿಂತಾಗ, ನಾರ್ತ್ ಕೆರೊಲೈನಾದಲ್ಲಿ ಅದನ್ನು ತಿರಸ್ಕರಿಸಲು ಕಟ್ಟಿದ ಸಂಘಟನೆಯ ಮುಂದಾಳು ಅವಳೇ. ಒಂದು ಮತದಾನದ ಬಾಗಿಲು ತೆರೆದರೆ ಇನ್ನೊಂದೂ ತೆರೆದೀತು, ಕರಿಯರೂ ಮತಗಟ್ಟೆಗೆ ಬಂದಾರು ಎಂಬ ಭಯ ಆ ಕಾಲದ ದಕ್ಷಿಣದ ವಿರೋಧದ ಅಡಿಯಲ್ಲಿ ಸದಾ ಇತ್ತು. ನೆರೆಯ ಟೆನೆಸೀ ರಾಜ್ಯ ಒಪ್ಪಿ ತಿದ್ದುಪಡಿ ಜಾರಿಗೆ ಬಂತು. ನಾರ್ತ್ ಕೆರೊಲೈನಾ ಮಾತ್ರ ತನ್ನ ಒಪ್ಪಿಗೆಯ ಮುದ್ರೆ ಒತ್ತಿದ್ದು 1971ರಲ್ಲಿ. ಅಷ್ಟು ಹೊತ್ತಿಗೆ ಮಿಸ್ ಮಿಮಿ ತೀರಿಕೊಂಡು ಹತ್ತು ವರ್ಷ. ತೀರಿಕೊಂಡರೂ ಮನೆ ಬಿಟ್ಟಿರಲಿಲ್ಲ ಎನ್ನುತ್ತಾರೆ ಮನೆಯವರು: ಅವಳ ದೆವ್ವ ಅಲ್ಲಿ ಓಡಾಡುತ್ತಿತ್ತಂತೆ. ದಕ್ಷಿಣದ ಹಳೆಯ ಮನೆಗಳಿಗೆ ದೆವ್ವವಿಲ್ಲದಿದ್ದರೆ ಮರ್ಯಾದೆ ಕಡಿಮೆ. ಆದರೆ ಮನೆ ಎತ್ತುವ ಮಾತು ಬಂದಾಗ, ಮಿಸ್ ಮಿಮಿ ಒಪ್ಪಿಯಾಳೆ ಎಂಬ ಪ್ರಶ್ನೆಯನ್ನು ಅವಳ ನೆಂಟರು ಅರ್ಧ ನಗುತ್ತ, ಅರ್ಧ ನಗದೆ ಕೇಳಿಕೊಂಡರು.

ಇಂಥ ಮನೆಗಳ ಬಗ್ಗೆ ಜಗತ್ತಿಗೆ ಇರುವ ಕಲ್ಪನೆ ಬಂದದ್ದು ಇಂಥ ಮನೆಗಳಿಂದಲ್ಲ, ಸಿನಿಮಾದಿಂದ. ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗಬೇಕು. 1915ರಲ್ಲಿ ಬಂದ ‘ದ ಬರ್ತ್ ಆಫ್ ಎ ನೇಶನ್’ ಚಿತ್ರಕ್ಕೆ ಮೂಲವಾದ ಕಾದಂಬರಿ ಬರೆದ ಥಾಮಸ್ ಡಿಕ್ಸನ್ ನಾರ್ತ್ ಕೆರೊಲೈನಾದವನೇ. ಮುಸುಕು ತೊಟ್ಟು ಕರಿಯರನ್ನು ಹೊಡೆದು ಕೊಲ್ಲುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಆ ಚಿತ್ರದಲ್ಲಿ ನಾಯಕರ ಪಡೆ. ಅದೇ ವರ್ಷ ಜಾರ್ಜಿಯಾದ ಸ್ಟೋನ್ ಮೌಂಟನ್ ಎಂಬ ಬೋಳು ಬಂಡೆಯ ನೆತ್ತಿಯ ಮೇಲೆ ಕ್ಲಾನ್ ಮರುಹುಟ್ಟು ಪಡೆಯಿತು. ಆಮೇಲೆ 1939ರಲ್ಲಿ ‘ಗಾನ್ ವಿತ್ ದ ವಿಂಡ್’. ಅದರ ‘ಟಾರಾ’ ಎಂಬ ಬಿಳಿಯ ಮನೆಯೇ ಇವತ್ತಿಗೂ ಪ್ಲಾಂಟೇಶನ್, ಅಂದರೆ ಗುಲಾಮರು ಗೇಯುತ್ತಿದ್ದ ದೊಡ್ಡ ಜಮೀನು, ಎಂದೊಡನೆ ಕಣ್ಣಿಗೆ ಬರುವ ಚಿತ್ರ. ಮೂಲ ಕಾದಂಬರಿ ಬರೆದ ಮಾರ್ಗರೆಟ್ ಮಿಚೆಲ್‌ಗೆ ಆ ಕಂಬಗಳು ಹಿಡಿಸಿರಲಿಲ್ಲ. ತನ್ನ ಕಡೆಯ ಜಾರ್ಜಿಯಾದಲ್ಲಿ ಅಂಥ ಮನೆಗಳೇ ಅಪರೂಪ ಎಂಬುದು ಅವಳ ತಕರಾರು. ಟಾರಾ ಹಾಲಿವುಡ್ ಸ್ಟುಡಿಯೋದ ಬಯಲಿನಲ್ಲಿ ನಿಲ್ಲಿಸಿದ ಒಂದು ಮುಂಭಾಗ ಮಾತ್ರ. ಬಾಗಿಲು ತೆರೆದರೆ ಒಳಗೆ ಮನೆಯಿರಲಿಲ್ಲ. ತಮಾಷೆಯೆಂದರೆ ಅದೂ ಸ್ಥಳಾಂತರವಾಯಿತು. 1959ರಲ್ಲಿ ಆ ಮುಂಭಾಗವನ್ನು ಬಿಚ್ಚಿ ಜಾರ್ಜಿಯಾಕ್ಕೆ ಸಾಗಿಸಿದರು, ಪ್ರವಾಸಿಗಳಿಗೆ ತೋರಿಸುವ ಆಸೆಯಿಂದ. ಆ ಆಸೆ ಕೈಗೂಡಲಿಲ್ಲ. ತುಂಡುಗಳು ಕೊನೆಗೆ ಕೊಟ್ಟಿಗೆ ಸೇರಿದವು.

ಸ್ಟೋನ್ ಮೌಂಟನ್ನಿನ ಬುಡದಲ್ಲಿ ಮಾತ್ರ ಇನ್ನೊಂದು ಪ್ರಯೋಗ ಕೈಗೂಡಿತು. ಜಾರ್ಜಿಯಾದ ಮೂಲೆಮೂಲೆಯಿಂದ ನಿಜವಾದ ಹಳೆಯ ಮನೆಗಳನ್ನು ಎತ್ತಿ ತಂದು, ಒಂದರ ಪಕ್ಕ ಒಂದಿಟ್ಟು, ಎಂದೂ ಎಲ್ಲೂ ಇರದ ಒಂದು ‘ಪ್ಲಾಂಟೇಶನ್’ ಅನ್ನು ಅಲ್ಲಿ ಜೋಡಿಸಿದರು. ಅದು ಜನರಿಗೆ ತೆರೆದದ್ದು 1963ರಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ತನ್ನ ಕನಸಿನ ಭಾಷಣ ಮಾಡಿ, ಸ್ಟೋನ್ ಮೌಂಟನ್ನಿನ ಹೆಸರನ್ನೂ ಅದರಲ್ಲಿ ಎತ್ತಿದ ವರ್ಷವೇ ಅದು. ‘ಗಾನ್ ವಿತ್ ದ ವಿಂಡ್’ನಲ್ಲಿ ಪ್ರಿಸ್ಸಿ ಎಂಬ ಗುಲಾಮ ಹುಡುಗಿಯ ಪಾತ್ರ ಮಾಡಿದ್ದ ನಟಿ ಬಟರ್‌ಫ್ಲೈ ಮೆಕ್ವೀನ್ ಆ ಜಾಗದಲ್ಲಿ ಕೆಲಕಾಲ ಬಂದವರನ್ನು ಬರಮಾಡಿಕೊಳ್ಳುವ ಕೆಲಸಕ್ಕಿದ್ದಳು. ಮನೆ ಎತ್ತಿ ಒಯ್ಯುವುದೆಂದರೆ ಅಮೆರಿಕದ ದಕ್ಷಿಣದಲ್ಲಿ ಬರೀ ಎಂಜಿನಿಯರಿಂಗ್ ಅಲ್ಲ ಎನ್ನುವುದಕ್ಕೆ ಇಷ್ಟು ಹೇಳಿದೆ. ಮನೆಯನ್ನು ಅದರ ಹೊಲದಿಂದ, ಕೇರಿಯಿಂದ, ಗೋರಿಗಳಿಂದ ಬಿಡಿಸಿ ಒಯ್ದರೆ ಅದರ ಕತೆಯನ್ನು ಬೇಕಾದಂತೆ ಹೇಳುವುದು ಸುಲಭ.

ಮಿಡ್‌ವೇ ಹೊರಟದ್ದು ಪ್ರದರ್ಶನಕ್ಕಲ್ಲ, ಟ್ರಾಫಿಕ್ಕಿಗೆ ಹೆದರಿ. ರಾಲಿ, ಡರಮ್, ಚಾಪೆಲ್ ಹಿಲ್ ಎಂಬ ಮೂರು ಊರುಗಳ ನಡುವಿನ ಕಾಡುಭೂಮಿಯಲ್ಲಿ 1959ರಲ್ಲಿ ‘ರಿಸರ್ಚ್ ಟ್ರೈಯಾಂಗಲ್ ಪಾರ್ಕ್’ ಹುಟ್ಟಿತು. 1965ರಲ್ಲಿ ಐಬಿಎಂ ಬಂತು. ಅದರ ಬೆನ್ನಿಗೆ ಔಷಧಿ ಕಂಪನಿಗಳು, ಸಾಫ್ಟ್‌ವೇರ್ ಕಂಪನಿಗಳು. ತಂಬಾಕಿನ ಹೊಲಗಳು ಬಡಾವಣೆಗಳಾದವು. ಇವತ್ತು ರಾಲಿಯ ಪಶ್ಚಿಮಕ್ಕಿರುವ ಕ್ಯಾರಿ, ಮಾರಿಸ್‌ವಿಲ್‌ಗಳಲ್ಲಿ ಯುಗಾದಿಗೆ ಒಬ್ಬಟ್ಟು ಬೇಯಿಸುವ ಕನ್ನಡದ ಮನೆಗಳು ಬೇಕಾದಷ್ಟಿವೆ. ನಮ್ಮವರನ್ನು ಅಲ್ಲಿಗೆ ಕರೆದ ಅದೇ ಬೆಳವಣಿಗೆಯೇ ಮಿಡ್‌ವೇಯನ್ನು ಅದರ ಜಾಗದಿಂದ ಎಬ್ಬಿಸಿದ್ದು. ರಾಲಿಯ ಪೂರ್ವಕ್ಕೆ ಈ ಅಲೆ ತಡವಾಗಿ ತಲುಪಿತು, ತಲುಪಿದ ಮೇಲೆ ನಿಲ್ಲಲಿಲ್ಲ. 1990ರಲ್ಲಿ ಎರಡು ಸಾವಿರವೂ ಇರದಿದ್ದ ನೈಟ್‌ಡೇಲ್‌ನ ಜನಸಂಖ್ಯೆ 2000ದಲ್ಲಿ 5,958 ಆಯಿತು, 2010ರಲ್ಲಿ 11,401, 2020ರಲ್ಲಿ 19,435. ಮನೆಯ ಮುಂದಿನ ರಸ್ತೆ ಹೆದ್ದಾರಿಯಾಯಿತು, ಹೆದ್ದಾರಿ ಇನ್ನೂ ಅಗಲವಾಯಿತು. ಜಗಲಿಯ ಮೇಲೆ ಕುಳಿತರೆ ಲಾರಿಗಳ ಸದ್ದು.

ಆಗಿನ ಮಾಲೀಕ ಹಿಂಟನ್ ವಂಶದವನೇ. ಅವನ ಮುಂದೆ ಮೂರು ದಾರಿಗಳಿದ್ದವು: ಮನೆಯನ್ನು ಹಾಗೇ ಬಿಟ್ಟು ಅಂಗಡಿ ಸಾಲುಗಳ ನಡುವೆ ಬದುಕುವುದು, ಮಾರಿ ಕೈತೊಳೆದುಕೊಳ್ಳುವುದು, ಇಲ್ಲವೇ ಮನೆಯನ್ನೇ ಎತ್ತಿಕೊಂಡು ಹೊರಡುವುದು. ಅವನು ಮೂರನೆಯದನ್ನು ಆರಿಸಿಕೊಂಡ. ಭೂಮಿ ಶಾಪಿಂಗ್ ಸೆಂಟರ್ ಕಟ್ಟುವವರಿಗೆ, ಮನೆ ಹೊಸ ಜಾಗಕ್ಕೆ. ನೆಂಟರಲ್ಲಿ ಕೆಲವರಿಗೆ ಸಂಕಟವಾಯಿತು. ಪೂರ್ವಿಕರ ಮಣ್ಣು ಮಾರಿ ಮನೆ ಉಳಿಸಿದರೆ ಉಳಿಸಿದ್ದೇನು? ಈ ಪ್ರಶ್ನೆ ಕೇಳಿದವರದು ತಪ್ಪಲ್ಲ, ಉತ್ತರ ಕೊಡದೆ ಮನೆ ಎತ್ತಿದವನದೂ ತಪ್ಪಲ್ಲ. ಮಾರಿದ ಮಣ್ಣಿನ ದುಡ್ಡಿಲ್ಲದೆ ಮನೆ ಎತ್ತುವುದೂ ಸಾಧ್ಯವಿರಲಿಲ್ಲ.

ಮರದ ಮನೆಯಾದದ್ದು ಅದೃಷ್ಟ. ಕಲ್ಲು ಮಣ್ಣಿನ ಗೋಡೆಯ ಮನೆ ನೆಲಕ್ಕೆ ಅಂಟಿದ್ದು. ಮರದ ಚೌಕಟ್ಟಿನ ಮನೆ ಹಾಗಲ್ಲ. ಅದರ ತೊಲೆ, ಕಂಬ, ಅಡ್ಡಪಟ್ಟಿಗಳು ಒಂದಕ್ಕೊಂದು ಕಚ್ಚಿಕೊಂಡು ಪೆಟ್ಟಿಗೆಯಂತೆ ನಿಂತಿರುತ್ತವೆ. ಪಾಯದ ಮೇಲೆ ಅದು ಕೂತಿರುತ್ತದೆಯೇ ಹೊರತು ಬೇರು ಬಿಟ್ಟಿರುವುದಿಲ್ಲ. ತೊಂದರೆ ಕೊಡುವುದು ಇಟ್ಟಿಗೆಯ ಭಾಗಗಳು, ಮುಖ್ಯವಾಗಿ ಅಗ್ಗಿಷ್ಟಿಕೆ ಮತ್ತು ಹೊಗೆಗೂಡು. ಮರದ ಮನೆಯೊಳಗೆ ಇಟ್ಟಿಗೆಯ ಆ ಕಂಬಗಳು ತಮ್ಮದೇ ಪಾಯದ ಮೇಲೆ ತಮ್ಮ ಪಾಡಿಗೆ ನಿಂತಿರುತ್ತವೆ. ಮನೆ ಒಂದು ಅಂಗುಲ ಎದ್ದರೂ ಅವು ಜೊತೆಗೆ ಏಳುವುದಿಲ್ಲ. ಅವನ್ನು ಬಿಚ್ಚಬೇಕು, ಇಲ್ಲವೇ ಅಡಿಯಿಂದ ಕತ್ತರಿಸಿ ಕಬ್ಬಿಣದಿಂದ ಬಿಗಿದು ಮನೆಯ ಭಾರದ ಜೊತೆಗೇ ಹೊರಬೇಕು.

ಆಮೇಲಿನದು ತಾಳ್ಮೆಯ ಕೆಲಸ. ಪಾಯದಲ್ಲಿ ಅಲ್ಲಲ್ಲಿ ಕಂಡಿ ಕೊರೆದು ಮನೆಯಡಿಗೆ ಉದ್ದುದ್ದನೆಯ ಉಕ್ಕಿನ ತೊಲೆಗಳನ್ನು ತೂರಿಸುತ್ತಾರೆ. ಅವುಗಳಿಗೆ ಅಡ್ಡಲಾಗಿ ಇನ್ನೊಂದು ಸಾಲು. ತೊಲೆಗಳಡಿ ಹೈಡ್ರಾಲಿಕ್ ಜಾಕಿಗಳು. ಎಲ್ಲ ಜಾಕಿಗಳಿಗೂ ಒಂದೇ ಯಂತ್ರದಿಂದ ಎಣ್ಣೆಯ ಒತ್ತಡ ಹೋಗುತ್ತದೆ, ಒಂದು ಮೂಲೆ ಕೂದಲೆಳೆಯಷ್ಟೂ ಮುಂಚೆ ಏಳಬಾರದೆಂದು. ಒಂದು ಮೂಲೆ ಮುಂದಾದರೆ ಗೋಡೆಯ ಗಾರೆ ಸೀಳುತ್ತದೆ, ಕಿಟಕಿಯ ಗಾಜು ಚಟಚಟ ಒಡೆಯುತ್ತದೆ. ಕೆಲವು ಅಂಗುಲ ಎತ್ತಿ ನಿಲ್ಲಿಸುತ್ತಾರೆ. ಕೆಳಗೆ ಮರದ ದಿಮ್ಮಿಗಳನ್ನು ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ ಪೇರಿಸುತ್ತಾರೆ. ಮತ್ತೆ ಕೆಲವು ಅಂಗುಲ ಎತ್ತುತ್ತಾರೆ. ಗಾಲಿಯ ಬಂಡಿಗಳು ತೂರುವಷ್ಟು ಎತ್ತರವಾದ ಮೇಲೆ ಮನೆ ನೆಲದಿಂದ ಬೇರೆಯಾಗಿ ಟೈರುಗಳ ಮೇಲೆ ಕೂರುತ್ತದೆ. ಎಳೆಯುವ ಲಾರಿ ಮನುಷ್ಯ ನಡೆಯುವುದಕ್ಕಿಂತ ನಿಧಾನ.

ನಾರ್ತ್ ಕೆರೊಲೈನಾದವರಿಗೆ ಇದು ಪೂರ್ತಿ ಹೊಸತಲ್ಲ. 1999ರಲ್ಲಿ ಅದೇ ರಾಜ್ಯದ ಕರಾವಳಿಯಲ್ಲಿ, ಕಡಲು ತಿನ್ನುತ್ತಿದ್ದ ಕೇಪ್ ಹ್ಯಾಟೆರಸ್ ದೀಪಸ್ತಂಭವನ್ನು ಇಡಿಯಾಗಿ ಎತ್ತಿ, ಸುಮಾರು 2,900 ಅಡಿ ಒಳನಾಡಿಗೆ 23 ದಿನಗಳಲ್ಲಿ ಜರುಗಿಸಿದ್ದರು. ಅದರ ತೂಕ ನಾಲ್ಕು ಸಾವಿರ ಟನ್ನಿಗೂ ಮಿಗಿಲು. ಅದಕ್ಕೆ ಹೋಲಿಸಿದರೆ ಮಿಡ್‌ವೇ ಹಗುರ. ಆದರೆ ಮನೆಗೆ ಬೇರೆ ಬಗೆಯ ತೊಡಕುಗಳು. ಹೆದ್ದಾರಿಯಲ್ಲಿ ಒಯ್ದರೆ ವಿದ್ಯುತ್ ತಂತಿಗಳನ್ನು ಎತ್ತಬೇಕು, ಸಿಗ್ನಲ್ ದೀಪಗಳನ್ನು ಬಿಚ್ಚಬೇಕು, ಗಂಟೆಗಟ್ಟಲೆ ವಾಹನ ತಡೆಯಬೇಕು. ಆದ್ದರಿಂದ ಮಿಡ್‌ವೇ ರಸ್ತೆ ಬಿಟ್ಟು ಬಯಲಿಗಿಳಿಯಿತು. ಯಾವ ವಾಹನಗಳಿಗೆ ಹೆದರಿ ಹೊರಟಿತೋ ಅವುಗಳಿಗೆ ಅಡ್ಡ ಬರದಂತೆ, ಹಿಂದಿನ ಹೊಲಗಳ ಮೇಲೆ, ಕಲ್ಲುಕ್ವಾರಿಯ ನೆಲದ ಮೇಲೆ ತೂಗಾಡುತ್ತ ಹೋಯಿತು. ಕಿಟಕಿ ಬಾಗಿಲುಗಳೊಂದಿಗೆ ಎರಡಂತಸ್ತಿನ ಒಂದು ಮನೆ, ಸುತ್ತ ಏನೂ ಇಲ್ಲದ ಬಯಲಿನಲ್ಲಿ ನಡೆಯುವುದನ್ನು ತೆರೆಯ ಮೇಲೆ ನೋಡಿದರೂ ಅದೊಂದು ತೇರಿನಂತೆ ಕಾಣುತ್ತದೆ. ಬೀದಿಯಿಲ್ಲದ, ಜನವಿಲ್ಲದ ತೇರು. ಸುತ್ತಲಿನ ಪುಟ್ಟ ಕಟ್ಟಡಗಳೂ ಬೆನ್ನಿಗೆ ಬಂದವು.

ತೆರೆಯ ಮೇಲೆ ಎಂದೆ. ಅದಕ್ಕೆ ಕಾರಣ ಗಾಡ್‌ಫ್ರೇ ಚೆಶರ್. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಈ ಸಿನಿಮಾ ವಿಮರ್ಶಕ ಇರಾನಿನ ಚಿತ್ರಗಳನ್ನು ಅಮೆರಿಕದವರಿಗೆ ಪರಿಚಯಿಸಿದವರಲ್ಲಿ ಒಬ್ಬ. ಹುಟ್ಟೂರು ರಾಲಿ, ತಾಯಿಯ ಕಡೆಯಿಂದ ಹಿಂಟನ್ ವಂಶ. ಮನೆ ಎತ್ತುವ ಸುದ್ದಿ ದಾಯಾದಿಯ ಬಾಯಿಂದ 2004ರಲ್ಲಿ ಕೇಳಿ, ಕ್ಯಾಮೆರಾ ಹಿಡಿದುಕೊಂಡು ಊರಿಗೆ ಬಂದ. ಹೀಗೆ ತಯಾರಾದ ಸಾಕ್ಷ್ಯಚಿತ್ರ ‘ಮೂವಿಂಗ್ ಮಿಡ್‌ವೇ’ 2007ರಲ್ಲಿ ಹೊರಬಂತು. ಬಾಲ್ಯದ ಮನೆಯ ಬಗ್ಗೆ ಒಂದು ಹಳವಂಡದ ಚಿತ್ರ ಅದಾಗಬಹುದಿತ್ತು. ಹಾಗಾಗದಂತೆ ಮಾಡಿದ್ದು ಪತ್ರಿಕೆಯೊಂದರಲ್ಲಿ ಬಂದ ವಾಚಕರ ಪತ್ರ. ಅದರ ಕೆಳಗಿದ್ದ ಹೆಸರು ರಾಬರ್ಟ್ ಹಿಂಟನ್.

ರಾಬರ್ಟ್ ಹಿಂಟನ್ ರಾಲಿಯಲ್ಲೇ ಹುಟ್ಟಿ ಬೆಳೆದ ಕಪ್ಪು ಇತಿಹಾಸಕಾರ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವನು. ಅವನ ಅಜ್ಜ ಹುಟ್ಟಿದ್ದು ಮಿಡ್‌ವೇಯಲ್ಲಿ, ಗುಲಾಮನಾಗಿ. ಮುತ್ತಜ್ಜನಲ್ಲ, ಅಜ್ಜ. ಗುಲಾಮಗಿರಿ ಎಷ್ಟು ಹಳೆಯದು ಎಂದು ಕೇಳುವವರಿಗೆ ಇದೊಂದು ಲೆಕ್ಕ ಸಾಕು. ಒಂದೇ ಊರಿನವರು, ಒಂದೇ ಮಹಾನಗರದಲ್ಲಿ ಬದುಕುತ್ತಿದ್ದವರು, ಒಂದೇ ಮನೆಯ ಎರಡು ಬಾಗಿಲುಗಳಿಂದ ಹೊರಬಂದ ಕುಲದವರು, ಹೀಗೆ ಮೊದಲ ಸಲ ಎದುರು ಬದುರು ಕೂತರು. ಒಬ್ಬ ಮುಂಬಾಗಿಲಿನವನು, ಒಬ್ಬ ಹಿತ್ತಿಲಬಾಗಿಲಿನವನು.

ಒಬ್ಬನಿಗೆ ತನ್ನ ಪೂರ್ವಿಕರ ಸುದ್ದಿ ಬೇಕಾದರೆ ಮಿಸ್ ಮಿಮಿ ಬಿಟ್ಟುಹೋದ ವಂಶಾವಳಿ ತೆರೆದರಾಯಿತು. ಇನ್ನೊಬ್ಬ 1870ರ ಗಣತಿಯವರೆಗೆ ಹೇಗೋ ಹಿಂದಕ್ಕೆ ಹೋಗುತ್ತಾನೆ, ಅಲ್ಲಿ ಗೋಡೆಗೆ ಮುಖ ತಾಗುತ್ತದೆ. ಅದರಾಚೆ ಹೆಸರಿಲ್ಲದ ಸಾಲುಗಳು, ವಯಸ್ಸು, ಒಂದು ‘ಬಿ’ ಅಥವಾ ‘ಎಂ’. ಕಪ್ಪು ಅಮೆರಿಕನ್ನರ ವಂಶ ಹುಡುಕುವವರು 1870ನ್ನು ಇಟ್ಟಿಗೆಯ ಗೋಡೆ ಎಂದೇ ಕರೆಯುತ್ತಾರೆ. ಆ ಗೋಡೆಯಲ್ಲಿ ಅಲ್ಲಲ್ಲಿ ಕಂಡಿಗಳಿವೆ. 1936ರಿಂದ 38ರವರೆಗೆ ಅಮೆರಿಕ ಸರ್ಕಾರ, ಕೆಲಸವಿಲ್ಲದ ಬರಹಗಾರರಿಗೆ ಸಂಬಳ ಕೊಟ್ಟು, ಬದುಕಿ ಉಳಿದಿದ್ದ ಮಾಜಿ ಗುಲಾಮರ ಮಾತುಗಳನ್ನು ಬರೆಸಿತು; ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಮಂದಿಯ ಮಾತುಗಳು ಸಿಕ್ಕಿದವು. ನಾರ್ತ್ ಕೆರೊಲೈನಾದ ಸಂಪುಟದಲ್ಲಿ ಹಿಂಟನ್ ಎಂಬ ಹೆಸರಿನವರು ಹಲವರಿದ್ದಾರೆ. ಅವರಲ್ಲಿ ಒಬ್ಬನ ಹೆಸರು ರಾಬರ್ಟ್ ಹಿಂಟನ್, ರಾಲಿಯವನು. ಇತಿಹಾಸಕಾರನ ಹೆಸರೂ ಅದೇ ಎಂಬುದು ಕಾಕತಾಳೀಯವಿರಬಹುದು. ಆದರೆ ಹೆಸರುಗಳು ತೀರ ಕಡಿಮೆ ಇದ್ದ ಜನ ಇದ್ದ ಹೆಸರುಗಳನ್ನೇ ಜೋಪಾನವಾಗಿ ಮತ್ತೆ ಮತ್ತೆ ಇಟ್ಟುಕೊಳ್ಳುವುದು ಸಹಜ.

ಇಷ್ಟಕ್ಕೇ ಮುಗಿಯಲಿಲ್ಲ. ಚಿತ್ರ ತಯಾರಾಗುತ್ತಿದ್ದಂತೆ ಇನ್ನೊಂದು ಕಪ್ಪು ಹಿಂಟನ್ ಕುಟುಂಬ ಬಂತು. ಅವರ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಮಾತು ಇದು: ತಮ್ಮ ಮೂಲಪುರುಷ ದೊಡ್ಡಮನೆಯ ಯಜಮಾನನಿಗೂ ಅಲ್ಲಿ ಅಡುಗೆ ಮಾಡುತ್ತಿದ್ದ ಗುಲಾಮ ಹೆಂಗಸಿಗೂ ಹುಟ್ಟಿದ ಮಗ. ಅಂದರೆ ಅವರು ಹೆಸರಿನ ಹಿಂಟನ್ನರಲ್ಲ, ರಕ್ತದ ಹಿಂಟನ್ನರು. ಬಿಳಿಯ ಮನೆತನದ ಯಾವ ವಂಶಾವಳಿಯಲ್ಲೂ, ಯಾವ ಬಣ್ಣದ ಲಾಂಛನದಲ್ಲೂ ಈ ಕೊಂಬೆ ಇರಲಿಲ್ಲ. ಗಣತಿಯ ಅಂಕಣದ ಆ ‘ಎಂ’ ಅಕ್ಷರಕ್ಕೆ ಈಗ ಮುಖಗಳಿದ್ದವು. ಚೆಶರ್‌ಗೆ ಒಂದೇ ಏಟಿಗೆ ನೂರಕ್ಕೂ ಹೆಚ್ಚು ಕಪ್ಪು ದಾಯಾದಿಗಳು ಸಿಕ್ಕಿದರು.

ಈ ಮಾತನ್ನು ಕಪ್ಪು ಕುಟುಂಬ ಒಂದೂವರೆ ಶತಮಾನ ಕಾಪಾಡಿಕೊಂಡು ಬಂದಿತ್ತು, ಬಿಳಿಯ ಕುಟುಂಬ ಅಷ್ಟೇ ಕಾಲ ಮರೆತಿತ್ತು. ಮರೆತದ್ದೋ, ಮರೆತಂತಿದ್ದದ್ದೋ. ಲಾಂಛನಗಳ ಗೆರೆ ತಪ್ಪದ, ಮುತ್ತಜ್ಜಂದಿರ ಹೆಸರು ತಪ್ಪದ ಮಿಸ್ ಮಿಮಿಗೆ ತನ್ನ ತಾತನ ಕಾಲದ ಅಡುಗೆಮನೆಯ ಸುದ್ದಿ ಗೊತ್ತಿರಲಿಲ್ಲ ಎಂದು ನಂಬುವುದು ನನಗೆ ಕಷ್ಟ. ಮನೆ ತನ್ನ ಜಾಗದಲ್ಲೇ ನಿಂತಿದ್ದರೆ ಈ ಮಾತೆಲ್ಲ ಹೊರಬರುತ್ತಿತ್ತೋ ಇಲ್ಲವೋ. ಪಾಯದಲ್ಲಿ ಕೊರೆದ ಕಂಡಿಗಳಿಂದ ಉಕ್ಕಿನ ತೊಲೆಗಳು ಒಳಹೋದಂತೆ, ಈ ಮಾತುಗಳೂ ಅದೇ ಹೊತ್ತಿಗೆ ಹೊರಬಂದವು. ಹೊಸ ಜಾಗದಲ್ಲಿ ಮನೆ ಕೂತ ಮೇಲೆ ಎರಡೂ ಕಡೆಯವರು ಅಲ್ಲಿ ಸೇರಿದರು. ಮಾತುಕತೆ ನಯವಾಗಿಯೇ ನಡೆಯಿತು. ದಕ್ಷಿಣದವರು ಬಿಳಿಯರಾಗಲಿ ಕರಿಯರಾಗಲಿ ಉಪಚಾರದಲ್ಲಿ ಕಡಿಮೆಯಲ್ಲ. ನಯದ ಅಡಿಯಲ್ಲಿ ಇದ್ದದ್ದು ಒಂದೇ ಸಲದ ಭೇಟಿಗೆ ಕರಗುವಂಥದ್ದಲ್ಲ.

ಇನ್ನು ದಫ್ತರದ ಮಾತು. 1970ರಲ್ಲಿ ಮಿಡ್‌ವೇಯ ಹೆಸರು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತ್ತು. ಆ ಪಟ್ಟಿಗೊಂದು ನಿಯಮವಿದೆ: ಪಟ್ಟಿಯಲ್ಲಿರುವ ಕಟ್ಟಡವನ್ನು ಜರುಗಿಸುವುದಾದರೆ ಮೊದಲೇ ಒಪ್ಪಿಗೆ ಪಡೆಯಬೇಕು, ಇಲ್ಲವಾದರೆ ಹೆಸರು ಹೊಡೆದುಹಾಕುತ್ತಾರೆ. ಒಪ್ಪಿಗೆಯೂ ಸುಲಭದ್ದಲ್ಲ. ಜರುಗಿಸದೆ ಬೇರೆ ದಾರಿಯೇ ಇರಲಿಲ್ಲವೆಂದು ತೋರಿಸಬೇಕು. ಹೊಸ ಜಾಗವೂ ಹಳೆಯದನ್ನು ಹೋಲಬೇಕು, ಮನೆ ನಿಲ್ಲುವ ದಿಕ್ಕು, ಸುತ್ತಲಿನ ಬಯಲು ಸಮೇತ. ನಿಯಮ ಬರೆದವರಿಗೆ ಸ್ಪಷ್ಟವಿತ್ತು: ಕಟ್ಟಡವೆಂದರೆ ಬರೀ ಗೋಡೆ ಸೂರಲ್ಲ, ಅದು ಎಲ್ಲಿದೆ ಎಂಬುದೂ ಅದರ ಅರ್ಧ. ಆದರೆ ಗುಲಾಮರ ಕೇರಿ ಎಲ್ಲಿತ್ತು, ಅವರ ಗೋರಿಗಳು ಎಲ್ಲಿದ್ದವು, ಯಾವ ಹಾದಿಯಲ್ಲಿ ಬೆಳಗ್ಗೆ ಹೊಲಕ್ಕೆ ಹೋಗುತ್ತಿದ್ದರು ಎಂಬ ಇನ್ನರ್ಧ ಬಹಳಷ್ಟು ಪಟ್ಟಿಗಳಲ್ಲಿ ಮೊದಲಿನಿಂದಲೂ ದಾಖಲಾಗಿರಲಿಲ್ಲ.

ಅದಕ್ಕೇ ಇನ್ನೊಂದು ಸ್ಥಳಾಂತರ ನೆನಪಾಗುತ್ತದೆ. 2013ರಲ್ಲಿ ಸೌತ್ ಕೆರೊಲೈನಾದ ಎಡಿಸ್ಟೋ ದ್ವೀಪದಲ್ಲಿ, ಪಾಯಿಂಟ್ ಆಫ್ ಪೈನ್ಸ್ ಎಂಬ ಪ್ಲಾಂಟೇಶನ್ನಿನ ಒಂದು ಹರಕು ಗುಡಿಸಲನ್ನು ಹಲಗೆ ಹಲಗೆಯಾಗಿ ಬಿಚ್ಚಿದರು. 1850ರ ದಶಕದಲ್ಲಿ ಗುಲಾಮರಿಗೆಂದು ಕಟ್ಟಿದ್ದು; ಬಿಡುಗಡೆಯ ನಂತರವೂ ಅದರಲ್ಲಿ ಜನ ಬಹಳ ಕಾಲ ಬಾಳಿದ್ದರು. ಬಿಚ್ಚಿದ ಹಲಗೆಗಳು ವಾಷಿಂಗ್ಟನ್ನಿಗೆ ಹೋದವು. ಸ್ಮಿತ್‌ಸೋನಿಯನ್ ಸಂಸ್ಥೆಯ ಆಫ್ರಿಕನ್ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯ 2016ರ ಸೆಪ್ಟೆಂಬರ್ 24ರಂದು ತೆರೆದಾಗ ಆ ಗುಡಿಸಲು ಒಳಗೆ ಮತ್ತೆ ನಿಂತಿತ್ತು. ದೊಡ್ಡಮನೆಗಳನ್ನು ಕಾಪಾಡಿ ಕಾಪಾಡಿ ದಣಿದ ದೇಶಕ್ಕೆ ಕೇರಿಯ ಒಂದು ಗೂಡಿಗೆ ಜಾಗ ಕೊಡಲು ಇಷ್ಟು ಕಾಲ ಹಿಡಿಯಿತು. ಗುಲಾಮರ ಗುಡಿಸಲುಗಳು ಬಹುಪಾಲು ತಾವಾಗಿಯೇ ಮಣ್ಣಾದವು. ಅವನ್ನು ಜಾಕಿಯಿಟ್ಟು ಎತ್ತಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಮಿಡ್‌ವೇಯ ಹಳೆಯ ನೆಲದ ಮೇಲೆ ಟಾರು ಬಿತ್ತು. ಹಿಂಟನ್ನರ ಬಿಳಿಯ ಮೊಮ್ಮಕ್ಕಳು ಆ ಟಾರಿನ ಮುಂದೆ ಕಾರು ನಿಲ್ಲಿಸಿ ನಿಟ್ಟುಸಿರುಬಿಟ್ಟರೆ ಅರ್ಥವಾಗುತ್ತದೆ. ಆದರೆ ಆ ಹೊಲದಲ್ಲಿ ಬೆನ್ನು ಬಗ್ಗಿಸಿದವರ ಮೊಮ್ಮಕ್ಕಳೂ ನಿಟ್ಟುಸಿರು ಬಿಡಬೇಕೆಂದೇನಿಲ್ಲ. ಈಗ ಅಲ್ಲಿ ಟಾರ್ಗೆಟ್ ಎಂಬ ದೊಡ್ಡ ಅಂಗಡಿಯಿದೆ, ಬೇರೆ ಬೇರೆ ಅಂಗಡಿಗಳಿವೆ, ಸಾಲು ಸಾಲು ಕಾರುಗಳಿವೆ. ಮಕ್ಕಳ ಬಟ್ಟೆಗೆ, ಹಾಲಿಗೆ, ಶಾಲೆಯ ಪುಸ್ತಕಕ್ಕೆ ಎಲ್ಲ ಬಣ್ಣದವರೂ ಬರುತ್ತಾರೆ. ಮನೆಯನ್ನು ಹೊತ್ತೊಯ್ದವರು ಹೆಸರನ್ನು ಜೊತೆಗೇ ಒಯ್ದರು, ಆದರೂ ಅದು ಇಲ್ಲೂ ಉಳಿದಿದೆ. ಶಾಪಿಂಗ್ ಸೆಂಟರ್ ಕಟ್ಟಿದವರು ಅದಕ್ಕಿಟ್ಟ ಹೆಸರು ‘ಶಾಪ್ಸ್ ಅಟ್ ಮಿಡ್‌ವೇ ಪ್ಲಾಂಟೇಶನ್’. ಒಳರಸ್ತೆಯ ಹಸಿರು ಫಲಕದ ಮೇಲೆ ‘ಶಾಪ್ಸ್ ಅಟ್ ಮಿಡ್‌ವೇ ಡ್ರೈವ್’ ಎಂದಿದೆ. ಟಪಾಲಿನವರು ಕಾಗದಗಳನ್ನು ಆ ವಿಳಾಸಕ್ಕೇ ತಂದುಹಾಕುತ್ತಾರೆ.